ಸೋಮರಾಜಯ್ಯನವರನ್ನು ಬೈಯುವ ಕೆಲಸ

ನನ್ನ ತಂಗಿಯ ಮದುವೆಯಲ್ಲಿ ಬೀಗರ ಕಡೆಯವನೊಬ್ಬನಿಗೆ ಎರಡನೇ ಸಲ ಪಾಯಸ ಬರಲಿಲ್ಲ. ಅವನ ಎಡಗಡೆಯವರಿಗೂ ಬಡಿಸಿದರು, ಬಲಗಡೆಯವರಿಗೂ ಬಡಿಸಿದರು, ಅವನನ್ನು ಮಾತ್ರ ದಾಟಿಕೊಂಡು ಹೋದರು. ಅಷ್ಟಕ್ಕೇ ಅವನು ಚಕ್ಕಳಮಕ್ಕಳ ಹಾಕಿ ಕೂತಿದ್ದ ಹಾಗೆಯೇ ಎಲೆಯಿಂದ ಒಂದು ಮೊಳ ಮೇಲಕ್ಕೆ ಹೋಗಿಬಿಟ್ಟ. ಅಡುಗೆಯವರೇನೂ ಗಾಬರಿಯಾಗಲಿಲ್ಲ. ಇಂಥದ್ದಕ್ಕೆಂದೇ ಇಟ್ಟುಕೊಂಡಿದ್ದ ಉದ್ದ ಹಿಡಿಯ ಸೌಟು ತಂದು, ಗೋಡಂಬಿ ಮುಂದೆ ಮಾಡಿ, ಅವನ ಬಾಯಿಯ ಹತ್ತಿರಕ್ಕೇ ಪಾಯಸ ಹಿಡಿದರು. ಮೂರನೇ ಸೌಟಿಗೆ ಇಳಿದ. ನಮ್ಮೂರಿನಲ್ಲಿ ಅನ್ಯಾಯವಾದವರು ನೆಲ ಬಿಡುತ್ತಾರೆ, ಸಮಾಧಾನವಾದಾಗ ಇಳಿಯುತ್ತಾರೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ನಾವೆಲ್ಲ ಅದಕ್ಕೆ ಒಗ್ಗಿದವರು. ಮೇಷ್ಟ್ರು ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಬಾರಿಸಿದರೆ ಮಕ್ಕಳೇ ಅವನ ಕಾಲಿಗೆ ದಾರ ಕಟ್ಟಿ ಬೆಂಚಿಗೆ ಬಿಗಿಯುತ್ತಾರೆ, ಪಾಠ ನಡೆಯುತ್ತದೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದರೆ ಮೊದಲು ತಲೆಯೆತ್ತಿ ತೊಲೆ ನೋಡುತ್ತಾರೆ. ಹಿರಿಸೊಸೆಯ ತಲೆಯೆಣ್ಣೆಯ ಕಲೆ ಅಲ್ಲಿದ್ದರೆ ಕಾಫಿ ಮುಟ್ಟದೆ ಎದ್ದು ಬರುತ್ತಾರೆ. ದುಡಿದು ತಿನ್ನುವವರಿಗೆ ಮಾತ್ರ ಈ ತೇಲಾಟ ಗಿಟ್ಟುವುದಿಲ್ಲ. ಗಾಳಿಯಲ್ಲಿ ನಿಂತು ಕಳೆ ಕೀಳುವುದು ಹೇಗೆ, ಮುದ್ದೆ ತಿರುವುವುದು ಹೇಗೆ? ಅದಕ್ಕೇ ಅವರು ಸಂತೆಯಲ್ಲಿ ಕಾಲುಗಲ್ಲು ಕೊಂಡು ಕಣಕಾಲಿಗೆ ಕಟ್ಟಿಕೊಳ್ಳುತ್ತಾರೆ, ಸೀರೆಯ ಅಂಚು ಇಳಿಬಿಟ್ಟು ಅದನ್ನು ಮುಚ್ಚುತ್ತಾರೆ. ಹೀಗಾಗಿ ಬೀದಿಯಲ್ಲಿ ತೇಲುತ್ತ ಕಾಣುವವರೆಲ್ಲ ಸಾಮಾನ್ಯವಾಗಿ ಹೊಟ್ಟೆ ತುಂಬಿದವರು.

ಊರಿನ ಕಾಯಿದೆಯೂ ಇದರ ಮೇಲೆಯೇ ನಿಂತಿದೆ. ಇಬ್ಬರ ನಡುವೆ ತಕರಾರು ಬಂದರೆ ಕಚೇರಿಯ ಜವಾನ ಮರಿದೇವರು ಗೆರೆ ಕೊರೆದ ಬಿದಿರಿನ ಗಳು ತಂದು ನಿಲ್ಲಿಸಿ ಅಳೆಯುತ್ತಾನೆ. ಯಾರು ಹೆಚ್ಚು ಮೇಲಿದ್ದಾರೋ ಅವರೇ ಹೆಚ್ಚು ನೊಂದವರು, ನ್ಯಾಯ ಅವರದು. ಊರಿನಲ್ಲೇ ಎಲ್ಲರಿಗಿಂತ ಮೇಲಿರುವವರಿಗೆ ಅಧ್ಯಕ್ಷರ ಕುರ್ಚಿ. ನೊಂದವರ ಕೈಗೆ ಅಧಿಕಾರ ಕೊಟ್ಟರೆ ನೋವು ಗೊತ್ತಿರುತ್ತದೆ ಎಂದು ಹಿರಿಯರು ಹಾಗೆ ಮಾಡಿದ್ದರಂತೆ. ಹಿರಿಯರು ಪಾಪ, ಒಳ್ಳೆಯವರು.

ನನ್ನ ಹೆಸರು ಸಣ್ಣಮ್ಮಣ್ಣಿ. ಸಂತೆಯ ಮೂಲೆಯಲ್ಲಿ ಸೊಪ್ಪು ಮಾರುತ್ತೇನೆ. ನಾನು ಈವರೆಗೆ ಒಂದು ಬೆರಳೂ ನೆಲ ಬಿಟ್ಟವಳಲ್ಲ. ಯಾರಾದರೂ ನನಗೆ ಏನಾದರೂ ಅಂದರೆ, ಅದು ಮನಸ್ಸಿಗೆ ನಾಟುವ ಮೊದಲೇ ನಾನು ಎರಡು ಪಟ್ಟು ಅಂದಿರುತ್ತೇನೆ. ನನ್ನ ಬಾಯಿಗೆ ಹೆದರಿ ದಂಟಿನ ಸೊಪ್ಪಿಗೆ ಚೌಕಾಸಿ ಮಾಡುವವರಿಲ್ಲ. ಈ ಬಾಯಿಯೇ ನನಗೆ ಸರ್ಕಾರಿ ನೌಕರಿ ಕೊಡಿಸಿತು.

ಆಗ ಅಧ್ಯಕ್ಷರಾಗಿದ್ದವರು ಸೋಮರಾಜಯ್ಯನವರು. ಎರಡು ಅಕ್ಕಿ ಗಿರಣಿ, ಮೂರು ಬೀದಿಯ ತುಂಬ ಮನೆ. ಹಿಂದೆ ಒಮ್ಮೆ ಯಾರೋ ಎದುರಿಗೆ ಬಂದು ನಮಸ್ಕಾರ ಮಾಡದೆ ಹೋದರೆಂದು ಒಂದು ಆಳೆತ್ತರ ಏರಿ ಕುರ್ಚಿ ಹಿಡಿದಿದ್ದರು. ಅಧ್ಯಕ್ಷರಾದ ಮೇಲೆ ಕಷ್ಟ ಶುರುವಾಯಿತು. ಎಲ್ಲರೂ ನಮಸ್ಕಾರ ಮಾಡತೊಡಗಿದರು, ಇವರು ಇಳಿಯತೊಡಗಿದರು. ಮರಿದೇವರು ಒಂದು ಬೆಳಿಗ್ಗೆ ನನ್ನ ಸೊಪ್ಪಿನ ಬುಟ್ಟಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತ.

"ಸಣ್ಣಮ್ಮಣ್ಣಕ್ಕ, ಅಧ್ಯಕ್ಷರು ನಿನ್ನ ಬರಯೇಳವ್ರೆ."

"ಯಾಕಪ್ಪ, ನಾನೇನ್ ಮಾಡ್ದೆ?"

"ಮಾಡಿಲ್ಲ. ಮಾಡ್ಬೇಕಂತೆ."

ಹೋದೆ. ಸೋಮರಾಜಯ್ಯನವರು ಕುರ್ಚಿಯಿಂದ ಬರೀ ನಾಲ್ಕು ಬೆರಳು ಮೇಲಿದ್ದರು, ಮುಖ ಬಾಡಿಹೋಗಿತ್ತು. "ನೋಡಮ್ಮ," ಎಂದರು, "ದಿನಾ ಬೆಳಿಗ್ಗೆ ಬಂದು ನನ್ನ ಚೆನ್ನಾಗಿ ಬೈಬೇಕು. ದಿನಕ್ಕೆ ಎರಡು ಸೇರು ಅಕ್ಕಿ. ಮನಸ್ಸಿಗೆ ತಾಗೋ ಹಂಗೆ ಬೈಬೇಕು, ಸುಮ್ನೆ ಕೂಗಾಡಿದ್ರೆ ಪ್ರಯೋಜನ ಇಲ್ಲ."

ಇಂಥ ಪುಣ್ಯ ಯಾರಿಗುಂಟು? ದಿನವೂ ಅಧ್ಯಕ್ಷರ ಜಗಲಿಯಲ್ಲಿ ನಿಂತು ನನ್ನ ತಾಯಿಯಿಂದ ಕಲಿತದ್ದನ್ನೂ ಅತ್ತೆಯಿಂದ ಕೇಳಿಸಿಕೊಂಡದ್ದನ್ನೂ ಅವರ ಮೇಲೆ ಸುರಿದೆ. ಹುಣಸೆಹಣ್ಣು ಕಿವುಚಿದಂಥ ಮುಖ ಎಂದರೆ ಒಂದು ಗೇಣು. ಮೀಸೆಯ ವಿಚಾರ ಎತ್ತಿದರೆ ಎರಡು ಗೇಣು. ಭಾಷಣ ಕೇಳಿ ಎಮ್ಮೆ ಹಾಲು ಬತ್ತಿಸಿತು ಎಂದ ದಿನ ಸರಸರನೆ ಏರಿ ಗೋಡೆ ಗಡಿಯಾರಕ್ಕೆ ಹಣೆ ತಾಗಿಸಿಕೊಂಡರು. ಅವರ ಸೊಂಟಕ್ಕೆ ರೇಷ್ಮೆ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಮರಿದೇವರು ಸಭೆಗೆ ಕರೆದೊಯ್ಯುತ್ತಿದ್ದ. ಸಭೆಯಲ್ಲಿ ಅವರು ಮೇಲಿನಿಂದ ಕಣ್ಣೊರೆಸಿಕೊಂಡು, "ನನಗಾದದ್ದು ನನ್ನ ಶತ್ರುವಿಗೂ ಆಗುವುದು ಬೇಡ. ಊರಿಗಾಗಿ ನಾನು ಇಷ್ಟೆಲ್ಲ ಅನ್ನಿಸಿಕೊಳ್ಳುತ್ತಿದ್ದೇನೆ," ಎನ್ನುತ್ತಿದ್ದರು. ಜನ ಅಯ್ಯೋ ಪಾಪ ಎಂದು ಕೈಯೆತ್ತಿ ಅವರು ಕೇಳಿದ್ದಕ್ಕೆಲ್ಲ ಒಪ್ಪುತ್ತಿದ್ದರು. ಅವರ ಗಿರಣಿಯವರೆಗೆ ರಸ್ತೆಯಾಯಿತು. ಗಿರಣಿಯ ಹೊಟ್ಟು ಕೆರೆಗೆ ಬೀಳುವುದರ ಬಗ್ಗೆ ಯಾರೋ ಅರ್ಜಿ ಕೊಟ್ಟರೆ ಆ ಅರ್ಜಿಯಿಂದಲೂ ಒಂದು ಮೊಳ ಏರಿದರು. ನನಗೆ ಇದೆಲ್ಲ ತಮಾಷೆಯಾಗಿಯೇ ಕಾಣುತ್ತಿತ್ತು. ಅಕ್ಕಿಯೂ ಸಣ್ಣಕ್ಕಿ.

ತಮಾಷೆ ಕೆಟ್ಟದ್ದು ಒಂದು ಪಂಚೆಯಿಂದ. ಕೆರೆಯ ಮಗ್ಗುಲಲ್ಲಿ ಒಗೆಯುವ ಕಲ್ಲುಗಳ ಕಟ್ಟೆಯಿದೆ. ಅಲ್ಲಿ ದುಂಡಮ್ಮ ಊರಿನ ಬಟ್ಟೆ ಒಗೆಯುತ್ತಾಳೆ. ಅವಳ ಅಜ್ಜಿಯೂ ಅಲ್ಲೇ ಒಗೆದವಳು. ಮಾತು ಕಡಿಮೆ, ಸೊಂಟ ನೆಟ್ಟಗೆ, ಅರವತ್ತು ದಾಟಿದ್ದರೂ ಎಂಟು ಮೊಳದ ಜಮಖಾನೆಯನ್ನು ಒಬ್ಬಳೇ ಹಿಂಡುತ್ತಾಳೆ. ಆ ದಿನ ಸೋಮರಾಜಯ್ಯನವರು ಮರಿದೇವರ ಹಗ್ಗದ ತುದಿಯಲ್ಲಿ ಗಾಳಿಪಟದ ಹಾಗೆ ಕೆರೆ ಏರಿಯ ಮೇಲೆ ಹೋಗುತ್ತಿದ್ದರು. ಕೆಳಗೆ ದುಂಡಮ್ಮ ಅವರದೇ ಜರಿಪಂಚೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಹುಸ್ ಎಂದು ಉಸಿರು ಬಿಟ್ಟು, ಕಲ್ಲಿಗೆ ಅಪ್ಪಳಿಸಿದಳು.

"ನನ್ನ ಪಂಚೆ," ಎಂದರಂತೆ ಸೋಮರಾಜಯ್ಯನವರು.

"ಹೌದು ಬುದ್ಧಿ, ಒಗೀತಾವಳೆ," ಎಂದ ಮರಿದೇವರು.

"ಒಗೀತಿಲ್ಲ, ಹೊಡೀತಿದ್ದಾಳೆ. ನಾಲ್ಕು ಜನರ ಮುಂದೆ."

ದುಂಡಮ್ಮ ಇನ್ನೊಂದು ಸಲ ಅಪ್ಪಳಿಸಿದಳು. ಹಗ್ಗ ಮರಿದೇವರ ಕೈಯಲ್ಲಿ ಸುಡುತ್ತ ಜಾರಿತು. ನಾನು ಎಷ್ಟು ದಿನ ಬೈದರೂ ಏರದಷ್ಟು ಎತ್ತರಕ್ಕೆ ಅವರು ಒಂದೇ ಪಂಚೆಗೆ ಏರಿದ್ದರು. ಮಾರನೆಯ ದಿನವೇ ಡಂಗುರ ಹೊಡೆಸಿದರು. ಒಗೆಯುವ ಕಟ್ಟೆಯಲ್ಲಿ ದಿನವೂ ಅಧ್ಯಕ್ಷರ ಮೇಲೆ ಹಲ್ಲೆಯಾಗುತ್ತಿದೆ, ಆದ್ದರಿಂದ ಕಟ್ಟೆ ಒಡೆದು ಅಲ್ಲಿ ನೊಂದವರ ಭವನ ಕಟ್ಟುವುದು. ತಕರಾರಿದ್ದವರು ಸೋಮವಾರ ಅಳತೆಗೆ ಬರತಕ್ಕದ್ದು.

ನಾನು ಕಟ್ಟೆಗೆ ಓಡಿದೆ. ದುಂಡಮ್ಮ ಚೌಳುಮಣ್ಣಿನ ನೀರಿನಲ್ಲಿ ಬಟ್ಟೆ ತುಳಿಯುತ್ತಿದ್ದಳು. ಕಾಲಿಗೆ ಕಟ್ಟಿಕೊಂಡ ಕಲ್ಲುಗಳು ಬಾನಿಯೊಳಗೆ ಡುಬುಡುಬು ಎನ್ನುತ್ತಿದ್ದವು.

"ಕಟ್ಟೆ ವೋದ್ರೆ ಎಲ್ಲಿ ಒಗೀತೀಯೆ?" ಎಂದೆ.

"ಅದೇ ಗೊತ್ತಾಯ್ತಿಲ್ಲ ಕಣಕ್ಕ. ನಂಗೆ ಬ್ಯಾರೆ ಕೆಲ್ಸ ಬರಕಿಲ್ಲ." ಅಷ್ಟು ಹೇಳಿ ಮತ್ತೆ ತುಳಿಯತೊಡಗಿದಳು.

ಮಾರನೆಯ ಬೆಳಿಗ್ಗೆ ನಾನು ಜಗಲಿಗೆ ಹೋದದ್ದು ನೌಕರಿಗಲ್ಲ. ಹೆಂಗಸಿನ ಅನ್ನ ಕಿತ್ತುಕೊಳ್ಳುವವನೇ, ನಿನ್ನ ಭವನಕ್ಕೆ ಗೆದ್ದಲು ಹಿಡಿಯ ಎಂದು ಶುರುಮಾಡಿ ಅರ್ಧ ಗಂಟೆ ಬೈದೆ. ಜೀವಮಾನದಲ್ಲಿ ಅಷ್ಟು ನಿಜವಾಗಿ ಬೈದಿರಲಿಲ್ಲ, ಕೊನೆಗೆ ಅಳುವೇ ಬಂತು. ತಲೆಯೆತ್ತಿ ನೋಡಿದರೆ ಸೋಮರಾಜಯ್ಯನವರು ಜಂತೆಗೆ ಬೆನ್ನು ಕೊಟ್ಟು, ಗುಬ್ಬಿಗೂಡಿನ ಪಕ್ಕದಲ್ಲಿ ಮುಖ ಅರಳಿಸಿಕೊಂಡು ನಿಂತಿದ್ದಾರೆ. "ಇವತ್ತು ಭಾಳ ಚೆನ್ನಾಗಿತ್ತು ಕಣಮ್ಮ," ಎಂದರು ಮೇಲಿನಿಂದ. "ಮರಿದೇವರೇ, ಇವಳಿಗೆ ಇನ್ನರ್ಧ ಸೇರು ಜಾಸ್ತಿ ಹಾಕು."

ಆ ಅಕ್ಕಿ ಹೊತ್ತುಕೊಂಡು ಬರುವಾಗ ನನಗೆ ನಾಚಿಕೆಯಾಯಿತು. ಸುಳ್ಳು ಬೈದರೂ ಏರುತ್ತಾರೆ, ನಿಜ ಬೈದರೂ ಏರುತ್ತಾರೆ. ಅವರಿಂದ ತೊಂದರೆಯಾಯಿತೆಂದು ಯಾರು ಬಾಯಿ ಬಿಟ್ಟರೂ ಅದೇ ಅವರಿಗೆ ಏಣಿ. ಹಾಗಿದ್ದರೆ ಇಳಿಸುವುದು ಹೇಗೆ? ಪಾಯಸಕ್ಕೆ ಮುನಿದವನನ್ನು ಪಾಯಸದಿಂದಲೇ ಇಳಿಸಬೇಕು. ಸಂಜೆ ಸಂತೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದೆ, "ಇವತ್ತಿಂದ ಸೋಮ್ವಾರದ ತನ್ಕ ಯಾರೂ ಆ ವಯ್ಯನ್ನ ಒಂದು ಮಾತೂ ಅನ್ಬ್ಯಾಡಿ. ಹೊಗಳಿ. ಹೊಗಳಿ ಹೊಗಳಿ ನೆಲಕ್ಕೆ ತನ್ನಿ."

ಅಮ್ಮಾ, ಆ ಮೂರು ದಿನ ನಮ್ಮೂರು ಕಂಡ ಸಂಭ್ರಮವನ್ನು ಯಾವ ಹಬ್ಬದಲ್ಲೂ ಕಂಡಿಲ್ಲ. ಬೆಳಗಾಗುತ್ತಲೇ ಸುಮಂಗಲಿಯರು ಅಧ್ಯಕ್ಷರ ಮನೆ ಮುಂದೆ ರಂಗೋಲಿ ಹಾಕಿ ಆರತಿ ತಂದರು. ಬಳೆ ಅಂಗಡಿಯವನು ಅವರ ಮೀಸೆಯ ಮೇಲೆ ಕಂದಪದ್ಯ ಕಟ್ಟಿ ಓದಿದ. ಅರ್ಜಿ ಕೊಟ್ಟವರು ಅರ್ಜಿ ವಾಪಸ್ಸು ತೆಗೆದುಕೊಂಡು ಅದರ ಹಿಂಬದಿಯಲ್ಲಿ ಶುಭಾಶಯ ಬರೆದುಕೊಟ್ಟರು. ಮುದುಕಿಯರು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು, ಹರಳೆಣ್ಣೆ ತಂದು ನೆತ್ತಿಗೆ ತಟ್ಟಿದರು. ನಾನು ಜಗಲಿಯಲ್ಲಿ ನಿಂತು, "ನಿಮ್ ಭಾಷಣ ಕೇಳಿ ನಮ್ಮ ಎಮ್ಮೆ ಎರಡು ಸೇರು ಜಾಸ್ತಿ ಕರೀತು ಬುದ್ಧಿ," ಎಂದೆ. ಮೊದಲ ದಿನ ಜಂತೆಯಿಂದ ಕಿಟಕಿಗೆ ಬಂದರು. ಎರಡನೇ ದಿನ ಕಿಟಕಿಯಿಂದ ಕುರ್ಚಿಗೆ. ಮೂರನೇ ದಿನ ಮಕ್ಕಳೆಲ್ಲ ಸಾಲಾಗಿ ಬಂದು ಕಾಲಿಗೆ ಬಿದ್ದಾಗ ಅವರ ಪಾದ ಧೊಪ್ಪೆಂದು ನೆಲಕ್ಕೆ ಕೂತಿತು. ಎಷ್ಟೋ ವರ್ಷದಿಂದ ನೆಲ ಕಾಣದ ಪಾದ, ಹಸುಗೂಸಿನದರ ಹಾಗೆ ಮೆತ್ತಗೆ, ಗುಲಾಬಿ ಬಣ್ಣ.

"ಸಣ್ಣಮ್ಮಣ್ಣಿ," ಎಂದು ನನ್ನ ಕೈ ಹಿಡಿದುಕೊಂಡರು. "ನಿನ್ನ ದಮ್ಮಯ್ಯ, ಒಂದು ಸಲ ಬೈಯಮ್ಮ. ಅರ್ಧ ಬೈ."

"ಎಲ್ಲಾದ್ರೂ ಉಂಟಾ ಬುದ್ಧಿ? ನಿಮ್ಮಂಥ ದೇವ್ರನ್ನ ಬೈದ್ರೆ ನನ್ ನಾಲ್ಗೆ ಬಿದ್ದೋಗಕಿಲ್ವಾ?"

ಸೋಮವಾರ ಬಂತು. ನಮ್ಮ ಕಚೇರಿ ಹಳೆಯ ತೊಟ್ಟಿಮನೆ. ನಡುವೆ ಬಯಲು ತೊಟ್ಟಿ, ಅಲ್ಲಿ ಬಿಸಿಲಲ್ಲಿ ಅರ್ಜಿದಾರರು ನಿಲ್ಲಬೇಕು. ಸುತ್ತ ಹೆಂಚಿನ ಪಡಸಾಲೆ, ಅಲ್ಲಿ ನೆರಳಲ್ಲಿ ಅಧ್ಯಕ್ಷರು ಕೂರುವುದು. ಸೋಮರಾಜಯ್ಯನವರು ಕುಂಟುತ್ತ ನಡೆದು ಬಂದರು. ಹೊಸ ಚಪ್ಪಲಿ ಕಚ್ಚಿತ್ತು. ಜನ ಸಾಯುವಷ್ಟು ನಗು ತಡೆದುಕೊಂಡು ಜಯಕಾರ ಹಾಕಿದರು. ದುಂಡಮ್ಮ ತೊಟ್ಟಿಯಲ್ಲಿ ಕೈಕಟ್ಟಿ ನಿಂತಿದ್ದಳು. ಇಬ್ಬರೂ ನೆಲದ ಮೇಲಿದ್ದರು. ಸಮ ಬಂದರೆ ಇದ್ದದ್ದು ಇದ್ದ ಹಾಗೆ ಎಂಬುದು ಕಾಯಿದೆ, ಅಂದರೆ ಕಟ್ಟೆ ಉಳಿದಂತೆ. ನಾನು ಮನಸ್ಸಿನಲ್ಲೇ ಗೆದ್ದಿದ್ದೆ.

ಮರಿದೇವರು ಗಳು ಎತ್ತಿಕೊಳ್ಳುವಾಗ ಸೋಮರಾಜಯ್ಯನವರು ಎದ್ದು ನಿಂತರು. "ಸಭಿಕರೇ," ಎಂದರು. "ಮೂರು ದಿನದಿಂದ ನನ್ನ ನೋವನ್ನು ಯಾರೂ ಕೇಳಲಿಲ್ಲ. ನನಗೆ ನೋವೇ ಇಲ್ಲ ಎನ್ನುವ ಹಾಗೆ ಆರತಿ ಎತ್ತಿದರು. ಒಬ್ಬ ನೊಂದವನಿಂದ ಅವನ ನೋವನ್ನೇ ಕಿತ್ತುಕೊಂಡರು. ಇದಕ್ಕಿಂತ ದೊಡ್ಡ ಅನ್ಯಾಯ ಲೋಕದಲ್ಲಿ ಉಂಟೇ?"

ಹೇಳುತ್ತ ಹೇಳುತ್ತ ಚಪ್ಪಲಿ ನೆಲದಲ್ಲೇ ಉಳಿಯಿತು, ಪಾದ ಮೇಲೆ ಹೋಯಿತು. ಒಂದು ಗೇಣು, ಒಂದು ಮೊಳ, ಎರಡು ಮೊಳ. ನಾವು ತಂದ ಆರತಿಯನ್ನೇ ಮೆಟ್ಟಿಲು ಮಾಡಿಕೊಂಡಿದ್ದರು ಮಹಾನುಭಾವರು. ಮರಿದೇವರು ಗಳು ನಿಲ್ಲಿಸಿ, "ಅಧ್ಯಕ್ಷರು, ಎರಡು ಮೊಳ," ಎಂದು ಕೂಗಿದ. ಆಮೇಲೆ ದುಂಡಮ್ಮನ ಹತ್ತಿರ ಬಂದು ಗಳು ಇಟ್ಟು ತಲೆ ತಗ್ಗಿಸಿದ. "ದುಂಡಮ್ಮ, ಏನೂ ಇಲ್ಲ."

"ಕಲ್ಲು ಬಿಚ್ಚೇ," ಎಂದೆ ನಾನು.

"ಬ್ಯಾಡ ಕಣಕ್ಕ. ಎಲ್ರೆದ್ರಿಗೆ ನಾಚ್ಕೆ. ಇದ್ವರ್ಗೂ ಬಿಚ್ಚಿಲ್ಲ."

"ನಿನ್ ಕಟ್ಟೆ ವೋಯ್ತದೆ ಕಣೆ, ನಾಳೆ ಏನ್ ಉಣ್ತೀಯೆ?"

ನಾನು ತೊಟ್ಟಿಗಿಳಿದು ಅವಳ ಕಾಲಬಳಿ ಕೂತು ಸೀರೆಯ ಅಂಚು ಸರಿಸಿದೆ. ಒಂದೊಂದು ಕಾಲಿಗೆ ಎರಡೋ ಮೂರೋ ಕಲ್ಲಿರಬಹುದು ಎಂದುಕೊಂಡಿದ್ದೆ. ಕಣಕಾಲಿನಿಂದ ಮೊಣಕಾಲಿನವರೆಗೆ ಸುತ್ತಲೂ ಕಲ್ಲು. ಸೊಂಟದ ಸುತ್ತ ಮಡಿಲಲ್ಲಿ ಕಲ್ಲು. ಮೊದಲ ಗಂಟು ಬಿಚ್ಚಿದಾಗ ಅವಳ ಹಿಮ್ಮಡಿ ಎದ್ದಿತು. ಇನ್ನೊಂದು ಬಿಚ್ಚಿದಾಗ ಗಾಬರಿಯಿಂದ ನನ್ನ ಭುಜ ಹಿಡಿದುಕೊಂಡಳು. ಯಾರೋ ಬಾವಿಯ ಹಗ್ಗ ಎಸೆದರು, ಅವಳ ಸೊಂಟಕ್ಕೆ ಬಿಗಿದು ತುದಿಯನ್ನು ನನ್ನ ಕೈಗೆ ಸುತ್ತಿಕೊಂಡು ಉಳಿದದ್ದನ್ನೆಲ್ಲ ಬಿಚ್ಚಿದೆ.

"ಮೋಸ," ಎಂದು ಕೂಗಿದರು ಸೋಮರಾಜಯ್ಯನವರು. "ಇಷ್ಟು ದಿನ ಬಚ್ಚಿಟ್ಟುಕೊಂಡು ನನಗೆ ಮೋಸ ಮಾಡಿದ್ದಾಳೆ." ಆ ಮೋಸದ ಬಲದಿಂದ ಇನ್ನೊಂದು ಮೊಳ ಏರಿದರು. ದುಂಡಮ್ಮ ಅವರ ಮೊಣಕಾಲಿಗೆ ಸಮ ಬಂದಳು. "ಅಗಸಗಿತ್ತಿ ನನಗಿಂತ ನೊಂದವಳೇ?" ಎಂದು ಇನ್ನೊಂದು ಮೊಳ ಏರಿದರು. ಅವಳು ಸೊಂಟಕ್ಕೆ ಸಮ ಬಂದಳು. ಜನ ಗೆಜ್ಜೆ ಕಟ್ಟಿದ ಹೋರಿಯ ಓಟ ನೋಡುವವರ ಹಾಗೆ ಕುಣಿಯತೊಡಗಿದರು. ಅಷ್ಟರಲ್ಲಿ ಧಡಾರ್ ಎಂದಿತು. ಸೋಮರಾಜಯ್ಯನವರ ತಲೆ ಪಡಸಾಲೆಯ ತೊಲೆಗೆ ಬಡಿದಿತ್ತು. ನೆರಳಿಗೆಂದು ಹಾಕಿಸಿಕೊಂಡ ಸೂರು ಅವರನ್ನು ಅಲ್ಲೇ ನಿಲ್ಲಿಸಿತು. "ಈ ಸೂರು ನನಗೆ ಅನ್ಯಾಯ ಮಾಡಿದೆ," ಎನ್ನುತ್ತ ಹೆಂಚನ್ನು ಎರಡೂ ಕೈಯಿಂದ ಗುದ್ದಿದರು. ತೊಟ್ಟಿಯ ಮೇಲೆ ಸೂರು ಇರಲಿಲ್ಲ. ದುಂಡಮ್ಮ ತೊಲೆ ದಾಟಿದಳು, ಹೆಂಚು ದಾಟಿದಳು, ಬಿಸಿಲಿಗೆ ಹೋದಳು. ಹಗ್ಗ ಮುಗಿಯುವ ಹೊತ್ತಿಗೆ ನನ್ನ ಜೊತೆ ಆರು ಜನ ಅದನ್ನು ಜಗ್ಗಿ ಹಿಡಿದಿದ್ದರು. ಕೆಳಗಿನಿಂದ ನಮಗೆ ಕಂಡದ್ದು ಅವಳ ಎರಡು ಅಂಗಾಲು ಮಾತ್ರ, ಚೌಳು ತಿಂದು ಬೆಳ್ಳಗೆ ಸೀಳಿದ್ದವು.

ಮರಿದೇವರ ಗಳು ಸಾಲಲಿಲ್ಲ. ಇನ್ನೊಂದು ಗಳು ಕಟ್ಟಿದ, ಅದೂ ಸಾಲಲಿಲ್ಲ. ಕೊನೆಗೆ ಗಳು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ, "ದುಂಡಕ್ಕಾ, ಯಾರಿಂದ ಏನೇನ್ ಅನ್ಯಾಯ ಆಗದೆ ಯೋಳು, ಬರ್ಕೋಬೇಕು."

ಊರೆಲ್ಲ ಕುಣಿಯುವುದು ನಿಲ್ಲಿಸಿ ಮೇಲೆ ನೋಡಿತು. ಗಾಳಿಗೆ ಅವಳ ಸೆರಗು ಪಟಪಟ ಎನ್ನುತ್ತಿತ್ತು. ಮೇಲಿನಿಂದ ಅವಳ ಮಾತು ಇಳಿದು ಬಂತು. "ಬಟ್ಟೆ ನೆನೆಹಾಕಿ ಬಂದಿವ್ನಿ ಕಣಪ್ಪ. ಕಟ್ಟೆ ಒಡೀತೀರೋ ಇಲ್ವೋ, ಅಷ್ಟು ಯೋಳ್ಬುಡಿ."

ಮರಿದೇವರು ತೀರ್ಪು ಓದಿದ. ಕಟ್ಟೆ ಒಡೆಯತಕ್ಕದ್ದಲ್ಲ. ಊರಿನಲ್ಲಿ ಎಲ್ಲರಿಗಿಂತ ಮೇಲಿರುವವಳು ದುಂಡಮ್ಮ, ಆದ್ದರಿಂದ ಅಧ್ಯಕ್ಷರ ಕುರ್ಚಿಯೂ ಅವಳದು. "ಕುರ್ಚಿ ನಂಗೆ ಬ್ಯಾಡ, ಒದ್ದೆ ಆಯ್ತದೆ," ಎಂದಳು ಅವಳು ಮೇಲಿನಿಂದ. ನಗು ಕಟ್ಟೆಯೊಡೆಯಿತು. ಟೊಪ್ಪಿ, ಟವೆಲು, ನನ್ನ ಸೊಪ್ಪಿನ ಬುಟ್ಟಿ ಎಲ್ಲ ಗಾಳಿಗೆ ಹಾರಿದವು. ಬಳೆ ಅಂಗಡಿಯವನು ಮರಿದೇವರನ್ನು ಎತ್ತಿಕೊಂಡು ಕುಣಿದ. ಸೋಮರಾಜಯ್ಯನವರು ತೊಲೆಯಡಿಯಿಂದ, "ಯಾರೂ ನನ್ನ ಇಳಿಸ್ತಿಲ್ಲ, ಇದನ್ನೂ ಬರ್ಕೊಳ್ಳಿ," ಎನ್ನುತ್ತಿದ್ದರು.

ಅನ್ಯಾಯ ಸರಿಹೋಯಿತಲ್ಲ, ಇನ್ನು ದುಂಡಮ್ಮ ತಾನಾಗಿಯೇ ಇಳಿಯುತ್ತಾಳೆ ಎಂದು ನಾವು ಕಾದೆವು. ಇಳಿದಳು ಕೂಡ. ನಾಲ್ಕು ಬೆರಳು ಇಳಿದು ನಿಂತಳು. ಇನ್ನೂ ಕಾದೆವು. ಅಷ್ಟೇ. ಒಬ್ಬೊಬ್ಬರಾಗಿ ಕುಣಿಯುವುದು ನಿಂತಿತು. ಉಳಿದ ದೂರವನ್ನು ನಾವು ಏಳು ಜನ ಹಗ್ಗ ಜಗ್ಗಿ ಜಗ್ಗಿ ಇಳಿಸಬೇಕಾಯಿತು.

ಅವಳು ತೊಟ್ಟಿಯ ಕಂಬ ತಬ್ಬಿಕೊಂಡು ನಿಂತಳು. ನಾನು ಮಂಡಿಯೂರಿ, ಬಿಚ್ಚಿದ ಕಲ್ಲುಗಳನ್ನೆಲ್ಲ ಹತ್ತಿರ ಎಳೆದುಕೊಂಡು ಮತ್ತೆ ಕಟ್ಟತೊಡಗಿದೆ. ಕಟ್ಟೆ ಉಳಿದದ್ದಕ್ಕೆ ಒಂದೇ ಒಂದು ಸಣ್ಣ ಕಲ್ಲು ಮಿಕ್ಕಿತು.

"ಕಟ್ಟೆ ನಿಂದೇ ಆಯ್ತಲ್ಲೇ," ಎಂದೆ. "ಇನ್ನೂ ಇಷ್ಟು ಅನ್ಯಾಯ ಯಾರ್ದೇ ಇದು?"

ದುಂಡಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು, ಬೀಳದಿರಲೆಂದೋ ಏನೋ. "ಎಲ್ಲಾರ್ದೂ ಅದೆ. ನಿಂದೂ ಒಸಿ ಅದೆ ಕಣಕ್ಕ," ಎಂದಳು, ಕೋಪವೇನೂ ಇರಲಿಲ್ಲ. "ಗಟ್ಟಿಯಾಗಿ ಕಟ್ಟು. ಹೊತ್ತಾಯ್ತು."

ನಾನು ಗಟ್ಟಿಯಾಗಿ ಕಟ್ಟಿದೆ.